ಹುಳುಗಳಿಲ್ಲದ ನಲವತ್ತು ಪೆಟ್ಟಿಗೆಗಳು

ಹತ್ತೊಂಬತ್ತು ವರ್ಷ ಜೊತೆಯಲ್ಲಿ ದುಡಿದ ಮೇಲೆ ರೋಸಾ ಬೆಕರ್ ಎಂಬ ಹೆಂಗಸಿಗೆ ಕೆನಡಾದ ಆಂಟೇರಿಯೊ ಪ್ರಾಂತದ ನ್ಯಾಯಾಲಯವೊಂದು ಕೊಡಿಸಿದ ಪಾಲು ಇಷ್ಟು: ನಲವತ್ತು ಜೇನುಪೆಟ್ಟಿಗೆ ಮತ್ತು 1,500 ಡಾಲರ್ ಹಣ. ಪೆಟ್ಟಿಗೆ ಎಂದರೆ ಬರೀ ಪೆಟ್ಟಿಗೆ. ಒಳಗೆ ಹುಳು ಇಲ್ಲ.

ಜೇನು ಸಾಕಿದವರಿಗೆ ಈ ತೀರ್ಪಿನ ತೂಕ ಕೂಡಲೇ ಗೊತ್ತಾಗುತ್ತದೆ. ಹುಳುವಿಲ್ಲದ ಪೆಟ್ಟಿಗೆ ಎಂದರೆ ನಾಲ್ಕು ಹಲಗೆ, ಒಂದು ಮುಚ್ಚಳ, ಕೆಲವು ಚೌಕಟ್ಟು. ಯಾವ ಬಡಗಿಯಾದರೂ ಮಾಡಿಕೊಟ್ಟಾನು. ಬೆಲೆ ಇರುವುದು ಒಳಗಿನ ಕುಟುಂಬಕ್ಕೆ: ರಾಣಿಗೆ, ಸಾವಿರಾರು ಕೆಲಸಗಾರ ನೊಣಗಳಿಗೆ, ಕಟ್ಟಿದ ಎರಿಗೆ, ಮುಂದಿನ ಹಂಗಾಮಿನಲ್ಲಿ ಬರಲಿರುವ ತುಪ್ಪಕ್ಕೆ. ಲೆಕ್ಕಿಗರ ರೀತಿಯಲ್ಲಿ ಹೇಳುವುದಾದರೆ ಖಾಲಿ ಪೆಟ್ಟಿಗೆ ಬಾಗಿಲು ಹಾಕಿದ ಅಂಗಡಿಯ ಮೇಜು ಕುರ್ಚಿಯ ಹಾಗೆ. ಹುಳು ತುಂಬಿದ ಪೆಟ್ಟಿಗೆ ಗಿರಾಕಿ ತುಂಬಿದ ಅಂಗಡಿ. ಎರಡರ ಬೆಲೆ ಒಂದೇ ಅಲ್ಲ. ಬೆಕರ್ ಪಾಲಿಗೆ ಬಂದದ್ದು ಮೇಜು ಕುರ್ಚಿ.

ಜೋಡಿಯೊಂದು ಬೇರೆಯಾಗುವಾಗ ಮನೆಯನ್ನು ಮಾರಿ ಹಣ ಹಂಚಿಕೊಳ್ಳಬಹುದು, ಒಡವೆಯನ್ನು ತೂಗಬಹುದು, ಬ್ಯಾಂಕಿನ ಠೇವಣಿಯನ್ನು ಎರಡು ಮಾಡಬಹುದು. ಇಬ್ಬರೂ ಸೇರಿ ನಡೆಸಿದ ದಂಧೆಯನ್ನು ಹಾಗೆ ಸೀಳಲು ಬರುವುದಿಲ್ಲ. ಸೀಳಿದರೆ ಅದು ಸಾಯುತ್ತದೆ. ಒಬ್ಬರ ಕೈಯಲ್ಲೇ ಬಿಟ್ಟರೆ ಇನ್ನೊಬ್ಬರ ಪಾಲು ಎಷ್ಟೆಂದು ಯಾರಾದರೂ ಬೆಲೆ ಕಟ್ಟಬೇಕು. ಬೆಲೆ ಕಟ್ಟುವುದಕ್ಕೂ ಮೊದಲು ಇನ್ನೊಂದು ಪ್ರಶ್ನೆ ತೀರ್ಮಾನವಾಗಬೇಕು: ಆ ಇನ್ನೊಬ್ಬರು ಮಾಡಿದ್ದು ಕೆಲಸವೋ, ಅಲ್ಲವೋ? ಈ ಮೊದಲ ಪ್ರಶ್ನೆಯನ್ನು ದಾಟುವುದಕ್ಕೇ ಕೆನಡಾದ ನ್ಯಾಯಾಲಯಗಳಿಗೆ ಬಹಳ ವರ್ಷ ಹಿಡಿಯಿತು. ಆ ದಾರಿಯಲ್ಲಿ ಒಂದು ದನದ ರ್‍ಯಾಂಚ್, ಒಂದು ಗೋಧಿ ಸೀಮೆಯ ಹೊಲ, ಒಂದು ಜೇನು ಸಾಕಣೆ ಮತ್ತು ಒಂದು ಸಾಫ್ಟ್‌ವೇರ್ ಕಂಪನಿ ಬರುತ್ತವೆ.

ರ್‍ಯಾಂಚ್‌ನ ಕಥೆ ಮೊದಲಿನದು. ಪಶ್ಚಿಮ ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ಐರೀನ್ ಮರ್ಡಾಕ್ 1943ರಲ್ಲಿ ಮದುವೆಯಾದರು. ಆರಂಭದಲ್ಲಿ ಗಂಡ ಹೆಂಡತಿ ಇಬ್ಬರೂ ಬೇರೆಯವರ ರ್‍ಯಾಂಚ್‌ಗಳಲ್ಲಿ ಕೂಲಿಗಿದ್ದರು. ಆತ ಕುದುರೆ ಪಳಗಿಸುತ್ತಿದ್ದ, ಆಕೆ ಅಡುಗೆ ಮಾಡುತ್ತಿದ್ದರು, ಸಂಬಳ ಇಬ್ಬರಿಗೂ ಸೇರಿ ಬರುತ್ತಿತ್ತು. ಮುಂದೆ ಸ್ವಂತ ಜಮೀನು ಕೊಂಡರು, ಮಾರಿದರು, ಮತ್ತೆ ದೊಡ್ಡದು ಕೊಂಡರು. ಪ್ರತಿ ಸಲವೂ ಪತ್ರ ಆದದ್ದು ಗಂಡನ ಹೆಸರಿಗೆ. ಆತ ವರ್ಷದಲ್ಲಿ ಐದು ತಿಂಗಳು ಬೇರೆ ನೌಕರಿಯ ಮೇಲೆ ಹೊರಗಿರುತ್ತಿದ್ದ. ಆ ಐದು ತಿಂಗಳು ದನ, ಹುಲ್ಲು, ಬೇಲಿ, ಲೆಕ್ಕ ಎಲ್ಲವೂ ಆಕೆಯ ಮೇಲೆ. 1968ರಲ್ಲಿ ಜಮೀನು ಮಾರುವ ವಿಚಾರಕ್ಕೆ ಜಗಳ ಎದ್ದಿತು, ಆಕೆಯ ದವಡೆ ಮುರಿಯಿತು, ಸಂಸಾರವೂ ಮುರಿಯಿತು. ಆಕೆ ಅರ್ಧ ಪಾಲು ಕೇಳಿ ನ್ಯಾಯಾಲಯಕ್ಕೆ ಹೋದರು.

ಏನು ಕೆಲಸ ಮಾಡುತ್ತಿದ್ದಿರಿ ಎಂದು ವಕೀಲರು ಕೇಳಿದಾಗ ಆಕೆ ಕೊಟ್ಟ ಪಟ್ಟಿ ಕೆನಡಾದ ಕಾನೂನು ವಿದ್ಯಾರ್ಥಿಗಳಿಗೆ ಇಂದಿಗೂ ಗೊತ್ತು: ಹುಲ್ಲು ಕೊಯ್ಯುವುದು, ಒಟ್ಟುವುದು, ಟ್ರಕ್ಕು ಟ್ರ್ಯಾಕ್ಟರ್ ಓಡಿಸುವುದು, ಕುದುರೆಗಳನ್ನು ಪಳಗಿಸುವುದು, ದನಗಳನ್ನು ಮೇವಿನ ಕಾವಲಿಗೆ ಹೊಡೆದುಕೊಂಡು ಹೋಗಿ ಬರುವುದು, ಕೊಂಬು ಕತ್ತರಿಸುವುದು, ಲಸಿಕೆ ಹಾಕುವುದು, ಮುದ್ರೆ ಒತ್ತುವುದು. ಗಂಡನನ್ನು ಕೇಳಿದರೆ ಆತ ಯಾವುದನ್ನೂ ಪೂರ್ತಿ ಅಲ್ಲಗಳೆಯಲಿಲ್ಲ. ರ್‍ಯಾಂಚ್‌ನವನ ಹೆಂಡತಿ ಸಾಮಾನ್ಯವಾಗಿ ಮಾಡುವಷ್ಟನ್ನು ಇವಳೂ ಮಾಡಿದಳು ಎಂದ. ವಿಚಾರಣಾ ನ್ಯಾಯಾಧೀಶರು ಅದೇ ಮಾತನ್ನು ಹಿಡಿದರು. ಆಕೆ ಮಾಡಿದ್ದು ಯಾವ ರ್‍ಯಾಂಚ್ ಹೆಂಡತಿಯಾದರೂ ಮಾಡುವ ಕೆಲಸ. ಅದರಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1973ರ ಅಕ್ಟೋಬರ್‌ನಲ್ಲಿ ನಾಲ್ವರು ನ್ಯಾಯಮೂರ್ತಿಗಳು ಕೆಳಗಿನ ತೀರ್ಪನ್ನು ಎತ್ತಿಹಿಡಿದರು. ಐದನೆಯವರಾದ ಬೋರಾ ಲಾಸ್ಕಿನ್ ಒಬ್ಬರೇ ಒಪ್ಪಲಿಲ್ಲ. ಇಷ್ಟೊಂದು ದುಡಿಮೆಯನ್ನು ಸಂಸಾರದ ಮಾಮೂಲಿ ಎಂದು ತಳ್ಳಿಹಾಕುವುದು ಹೇಗೆ ಎಂಬುದು ಅವರ ಭಿನ್ನಮತದ ತಿರುಳು. ಅದೇ ಡಿಸೆಂಬರ್‌ನಲ್ಲಿ ಅವರು ಮುಖ್ಯ ನ್ಯಾಯಮೂರ್ತಿಯಾದರು.

ಮರ್ಡಾಕ್ ಪ್ರಕರಣದ ತರ್ಕ ಇಂದು ಓದಿದರೆ ವಿಚಿತ್ರವಾಗಿ ಕಾಣುತ್ತದೆ. ಆಕೆ ಕಡಿಮೆ ದುಡಿದಿದ್ದರೆ ಪಾಲಿಲ್ಲ, ಸರಿ. ಆದರೆ ಹೆಚ್ಚು ದುಡಿದಿದ್ದೂ, ನೆರೆಹೊರೆಯ ಹೆಂಗಸರೆಲ್ಲ ಅಷ್ಟೇ ದುಡಿಯುತ್ತಾರೆ ಎಂಬ ಕಾರಣಕ್ಕೆ, ಲೆಕ್ಕಕ್ಕೆ ಬರಲಿಲ್ಲ. ಎಲ್ಲರೂ ಮಾಡುವ ಕೆಲಸ ಯಾರದ್ದೂ ಕೆಲಸವಲ್ಲ ಎಂದ ಹಾಗಾಯಿತು.

ಆ ಸೀಮೆಯ ಇತಿಹಾಸ ನೋಡಿದರೆ ಈ ಮಾತು ಎಲ್ಲಿಂದ ಬಂತೆಂದು ತಿಳಿಯುತ್ತದೆ. 1872ರ ಡೊಮಿನಿಯನ್ ಲ್ಯಾಂಡ್ಸ್ ಆಕ್ಟ್ ಪ್ರಕಾರ ಹತ್ತು ಡಾಲರ್ ಶುಲ್ಕ ಕಟ್ಟಿ, ಅಲ್ಲೇ ವಾಸವಿದ್ದು, ನೆಲ ಉತ್ತು ತೋರಿಸಿದವನಿಗೆ 160 ಎಕರೆ ಸಿಗುತ್ತಿತ್ತು. ಮದುವೆಯಾದ ಹೆಂಗಸಿಗೆ ಆ ಅರ್ಜಿ ಹಾಕುವ ಹಕ್ಕಿರಲಿಲ್ಲ. ನೆಲ ಉಳುವುದರಲ್ಲಿ, ಮನೆ ಎಬ್ಬಿಸುವುದರಲ್ಲಿ ಆಕೆಯ ಕೈ ಇರುತ್ತಿತ್ತು. ಪಟ್ಟಾ ಬರುವಾಗ ಹೆಸರು ಇರುತ್ತಿರಲಿಲ್ಲ. ಗಂಡ ಮನೆಯನ್ನು ಹೇಳದೆ ಕೇಳದೆ ಮಾರದ ಹಾಗೆ ತಡೆಯುವ ಕಾಯ್ದೆ ಆಲ್ಬರ್ಟಾಕ್ಕೆ ಬಂದದ್ದು 1917ರಲ್ಲಿ. ಅದು ಸಹಿ ಹಾಕದಿರುವ ಹಕ್ಕು ಕೊಟ್ಟಿತೇ ಹೊರತು ಪಾಲು ಕೊಡಲಿಲ್ಲ. ಐರೀನ್ ಮರ್ಡಾಕ್ 1968ರಲ್ಲಿ ಬಳಸಿದ್ದು ಅದೇ ಹಕ್ಕನ್ನು.

ಇನ್ನೊಂದು ಬೇರು ಇಂಗ್ಲೆಂಡಿನದು. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಕೂಡಲೇ ಹೆಂಡತಿಯ ಚರಾಸ್ತಿ, ಸಂಪಾದನೆ ಗಂಡನದಾಗುತ್ತಿತ್ತು. 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ ಅದನ್ನು ಕಿತ್ತುಹಾಕಿ, ಹೆಂಡತಿಯದು ಹೆಂಡತಿಗೆ, ಗಂಡನದು ಗಂಡನಿಗೆ ಎಂದಿತು. ಕೆನಡಾದ ಪ್ರಾಂತಗಳು ಅದನ್ನೇ ಅನುಸರಿಸಿದವು. ಭಾರತದಲ್ಲಿ ಇದೇ ಹೆಸರಿನ ಕಾಯ್ದೆ 1874ರಲ್ಲೇ ಬಂದಿತ್ತು. ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದ ಪಾಲಿಸಿಯನ್ನು ಸಾಲಗಾರರು ಮುಟ್ಟುವಂತಿಲ್ಲ ಎಂದು ವಿಮಾ ಏಜೆಂಟರು ಈಗಲೂ ಹೇಳುವುದು ಆ ಕಾಯ್ದೆಯ ಬಲದಿಂದ. ಅಂದಿನ ಮಟ್ಟಿಗೆ ಇದು ದೊಡ್ಡ ಬಿಡುಗಡೆ. ಆದರೆ ಅದರ ಒಳಗೇ ಒಂದು ಮುಳ್ಳಿತ್ತು. ಅವರವರದು ಅವರವರಿಗೆ ಎಂದ ಮೇಲೆ ಯಾವುದು ಯಾರದು ಎಂದು ನೋಡಲು ಉಳಿದ ದಾರಿ ಒಂದೇ: ಪತ್ರದಲ್ಲಿ ಯಾರ ಹೆಸರಿದೆ, ಹಣ ಯಾರು ಕೊಟ್ಟರು. ಸಂಬಳವಿಲ್ಲದೆ ದುಡಿದವರ ಹೆಸರು ಈ ಎರಡು ಕಡೆಯೂ ಇರುವುದಿಲ್ಲ.

ಮರ್ಡಾಕ್ ತೀರ್ಪು ಕೆನಡಾದ ಹೆಂಗಸರನ್ನು ಕೆಣಕಿದಷ್ಟು ಬೇರೆ ತೀರ್ಪು ಕೆಣಕಿದ್ದು ಕಡಿಮೆ. ರಾಜಕೀಯಕ್ಕೆ ದೂರವಿದ್ದ ರೈತ ಮಹಿಳೆಯರು ಕೂಡ ತಮ್ಮ ಜಮೀನಿನ ಪತ್ರ ತೆಗೆದು ನೋಡತೊಡಗಿದರು. 1978ರಲ್ಲಿ ಸಸ್ಕಾಚೆವಾನ್ ಪ್ರಾಂತದ ಇನ್ನೊಬ್ಬ ರೈತನ ಹೆಂಡತಿಯ ಪ್ರಕರಣ, ರಾಥ್‌ವೆಲ್ ವಿರುದ್ಧ ರಾಥ್‌ವೆಲ್, ಸುಪ್ರೀಂ ಕೋರ್ಟಿಗೆ ಬಂದಾಗ ಗಾಳಿ ತಿರುಗಿತ್ತು. ಅಲ್ಲಿ ಗಂಡ ಹೆಂಡತಿಗೆ ಜಂಟಿ ಬ್ಯಾಂಕ್ ಖಾತೆ ಇತ್ತು, ಹಾಗಾಗಿ ಹಣದ ದಾರಿಯನ್ನೂ ತೋರಿಸಬಹುದಿತ್ತು. ಆಕೆ ಅರ್ಧ ಪಾಲು ಗೆದ್ದರು, ಒಂದೇ ಮತದ ಅಂತರದಲ್ಲಿ.

*

ರೋಸಾ ಬೆಕರ್‌ಗೆ ಜಂಟಿ ಖಾತೆಯೂ ಇರಲಿಲ್ಲ, ತಾಳಿಯೂ ಇರಲಿಲ್ಲ. ಆಕೆ ಮತ್ತು ಲೋಥರ್ ಪೆಟ್ಕಸ್ ಇಬ್ಬರೂ ಮಧ್ಯ ಯುರೋಪಿನಿಂದ ವಲಸೆ ಬಂದವರು. 1955ರಲ್ಲಿ ಮಾಂಟ್ರಿಯಲ್‌ನಲ್ಲಿ ಪರಿಚಯವಾಯಿತು. ಆತ ಕೆನಡಾಕ್ಕೆ ಬಂದಿಳಿದಾಗ ಕೈಯಲ್ಲಿ ಇದ್ದದ್ದು 17 ಡಾಲರ್. ವಯಸ್ಸಿನಲ್ಲಿ ಆಕೆಗಿಂತ ಚಿಕ್ಕವನು. ಸ್ವಲ್ಪ ದಿನದಲ್ಲೇ ಆಕೆಯ ಮನೆಗೆ ಬಂದು ಇರತೊಡಗಿದ. ಬಾಡಿಗೆ, ದಿನಸಿ, ಬಟ್ಟೆ ಎಲ್ಲವೂ ಆಕೆಯ ಸಂಬಳದಲ್ಲಿ ನಡೆಯಿತು. ಆತ ವಾಹನ ರಿಪೇರಿ ಕೆಲಸದಲ್ಲಿ ಆಕೆಗಿಂತ ಹೆಚ್ಚು ಗಳಿಸುತ್ತಿದ್ದ, ಆ ಹಣವನ್ನು ತನ್ನ ಹೆಸರಿನಲ್ಲೇ ಉಳಿತಾಯ ಮಾಡುತ್ತ ಹೋದ. ಐದಾರು ವರ್ಷದಲ್ಲಿ ಒಂದು ಫಾರಂ ಕೊಳ್ಳುವಷ್ಟಾಯಿತು. 1961ರಲ್ಲಿ ಕ್ವಿಬೆಕ್ ಪ್ರಾಂತದ ಫ್ರಾಂಕ್ಲಿನ್ ಸೆಂಟರ್ ಎಂಬ ಊರಿನಲ್ಲಿ 5,000 ಡಾಲರ್ ಕೊಟ್ಟು ಕೊಂಡದ್ದು ಆತನ ಉಳಿತಾಯದಿಂದ. ಪತ್ರವೂ ಸಹಜವಾಗಿ ಆತನದೇ.

ಹಣದ ದಾರಿ ಹಿಡಿದು ಹೊರಟ ಲೆಕ್ಕಿಗನಿಗೆ ಇಲ್ಲಿ ಕಾಣುವುದು ಒಬ್ಬನ ಹಣ, ಒಬ್ಬನ ಜಮೀನು. ಆ ಉಳಿತಾಯ ಉಳಿದದ್ದು ಯಾರ ಅನ್ನದಿಂದ ಎಂಬುದು ಪಾಸ್‌ಬುಕ್ಕಿನಲ್ಲಿ ಬರೆದಿರುವುದಿಲ್ಲ.

ಫಾರಂ ಮನೆಯ ನೆಲ ಕಿತ್ತುಹೋಗಿತ್ತು. ಹೊಸ ನೆಲದ ಸಾಮಾನಿಗೆ ಆಕೆ ಹಣ ಕೊಟ್ಟರು, ಹಾಸುವುದಕ್ಕೂ ಕೈ ಹಾಕಿದರು. ಇಬ್ಬರೂ ಸೇರಿ ಜೇನು ಸಾಕಣೆ ಶುರು ಮಾಡಿದರು. ಜೇನು ದಂಧೆ ಹೊರಗಿನಿಂದ ಕಾಣುವಷ್ಟು ಹಗುರವಲ್ಲ. ಪೆಟ್ಟಿಗೆಗಳನ್ನು ಹೂವಿರುವ ಕಡೆಗೆ ಲಾರಿಯಲ್ಲಿ ಸಾಗಿಸಬೇಕು, ಚೌಕಟ್ಟು ಕಟ್ಟಬೇಕು, ತುಪ್ಪ ತೆಗೆಯಬೇಕು, ಮಾರಬೇಕು, ಹಿಮ ಬೀಳುವ ನಾಡಿನಲ್ಲಿ ಚಳಿಗಾಲವಿಡೀ ಕುಟುಂಬಗಳನ್ನು ಉಳಿಸಿಕೊಳ್ಳಬೇಕು. ಹದಿನಾಲ್ಕು ವರ್ಷ ಆಕೆ ಇದರಲ್ಲಿ ದುಡಿದರು, ನಡುವೆ ಹೊರಗಿನ ಕೆಲಸಕ್ಕೂ ಹೋಗಿ ಸಂಪಾದಿಸಿದರು. ದಂಧೆ ಚೆನ್ನಾಗಿ ಬೆಳೆಯಿತು. ಆ ಲಾಭದಿಂದ ಆಂಟೇರಿಯೊದ ಹಾಕ್ಸ್‌ಬರಿ ಸುತ್ತ ಇನ್ನೂ ಜಮೀನು ಕೊಂಡದ್ದಾಯಿತು. ಅದೂ ಆತನ ಹೆಸರಿಗೇ.

1972ರಲ್ಲಿ ಕಿರುಕುಳ ತಾಳದೆ ಆಕೆ ಹೊರಟಾಗ ಪೆಟ್ಕಸ್ 3,000 ಡಾಲರ್ ನೋಟನ್ನು ನೆಲಕ್ಕೆ ಎಸೆದ. ಇದನ್ನೂ, 1966ರ ಫೋಕ್ಸ್‌ವ್ಯಾಗನ್ ಕಾರನ್ನೂ, ಹುಳು ತುಂಬಿದ ನಲವತ್ತು ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋಗು ಎಂದ. ಮೂರು ತಿಂಗಳ ನಂತರ ಆತನೇ ಕರೆದ ಮೇಲೆ ಆಕೆ ಹಿಂದಿರುಗಿದರು. ಉಳಿದಿದ್ದ ಹಣವನ್ನು ಆತನ ಖಾತೆಗೇ ಜಮಾ ಮಾಡಿದರು. ಎರಡು ವರ್ಷ ಕಳೆಯುವುದರೊಳಗೆ ಮತ್ತೆ ಹೊರಟರು, ಈ ಸಲ ಹಿಂತಿರುಗಲಿಲ್ಲ. ಅರ್ಧ ಪಾಲು ಕೇಳಿ ದಾವೆ ಹೂಡಿದಾಗ ಸಿಕ್ಕದ್ದು ಆ ಹುಳುಗಳಿಲ್ಲದ ಪೆಟ್ಟಿಗೆಗಳು ಮತ್ತು 1973, 1974ರ ಎರಡು ಹಂಗಾಮಿನಲ್ಲಿ ಅವುಗಳಿಂದ ಬಂದ ಆದಾಯ ಎಂದು 1,500 ಡಾಲರ್. ಸಿಟ್ಟಿನಲ್ಲಿ ಆತ ನೆಲಕ್ಕೆ ಎಸೆದದ್ದಕ್ಕಿಂತ ನ್ಯಾಯಾಲಯ ಅಳೆದು ತೂಗಿ ಕೊಟ್ಟದ್ದು ಕಡಿಮೆ. ಆರಂಭದ ವರ್ಷಗಳಲ್ಲಿ ಆಕೆ ಮನೆ ಖರ್ಚು ನಡೆಸಿದ್ದನ್ನು ಆ ನ್ಯಾಯಾಧೀಶರು, ತನಗಿಂತ ಚಿಕ್ಕ ಗಂಡಸನ್ನು ಮದುವೆಗೆ ಒಲಿಸಿಕೊಳ್ಳಲು ಹೂಡಿದ ಬಂಡವಾಳ ಎಂಬರ್ಥದಲ್ಲಿ ಬಣ್ಣಿಸಿದ್ದರು.

ಮೇಲ್ಮನವಿ ನ್ಯಾಯಾಲಯದಲ್ಲಿ ಪ್ರಕರಣ ಬಂದದ್ದು ಬರ್ಥಾ ವಿಲ್ಸನ್ ಮುಂದೆ. ಸ್ಕಾಟ್ಲೆಂಡಿನಿಂದ ಬಂದವರು, ಆಂಟೇರಿಯೊದ ಆ ಪೀಠಕ್ಕೆ ನೇಮಕವಾದ ಮೊದಲ ಮಹಿಳೆ, ಮುಂದೆ 1982ರಲ್ಲಿ ಕೆನಡಾದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದವರು. ಅವರು ಸಾಕ್ಷ್ಯವನ್ನು ಮತ್ತೆ ಓದಿ, ಆಕೆ ಇಲ್ಲದಿದ್ದರೆ ಈ ದಂಧೆಯೇ ಇರುತ್ತಿರಲಿಲ್ಲ ಎಂಬ ನಿಲುವಿಗೆ ಬಂದು, ಜಮೀನಿನಲ್ಲೂ ಜೇನು ದಂಧೆಯಲ್ಲೂ ಅರ್ಧ ಪಾಲು ಕೊಟ್ಟರು. ಪೆಟ್ಕಸ್ ಸುಪ್ರೀಂ ಕೋರ್ಟಿಗೆ ಹೋದ. 1980ರ ಡಿಸೆಂಬರ್ 18ರಂದು ಬ್ರಯನ್ ಡಿಕ್ಸನ್ ಬರೆದ ತೀರ್ಪು ವಿಲ್ಸನ್ ಅವರದನ್ನು ಉಳಿಸಿತು.

ಡಿಕ್ಸನ್ ಹಿಡಿದ ದಾರಿ ಸರಳ. ಇಬ್ಬರ ನಡುವೆ ಒಪ್ಪಂದವಿತ್ತೇ, ಪಾಲು ಕೊಡುವ ಮನಸ್ಸಿತ್ತೇ ಎಂದು ಹುಡುಕುವುದನ್ನು ಅವರು ಬಿಟ್ಟರು; ಮನಸ್ಸಿನಲ್ಲಿ ಇದ್ದದ್ದು ಯಾರಿಗೆ ಗೊತ್ತು? ಬದಲಿಗೆ ಮೂರು ಪ್ರಶ್ನೆ ಕೇಳಿದರು. ಒಬ್ಬರಿಗೆ ಲಾಭವಾಯಿತೇ? ಆ ಲಾಭಕ್ಕೆ ಸರಿಯಾಗಿ ಇನ್ನೊಬ್ಬರು ಕಳೆದುಕೊಂಡರೇ? ಅದಕ್ಕೆ ಕಾನೂನು ಒಪ್ಪುವ ಕಾರಣವೇನಾದರೂ ಇದೆಯೇ? ಮೊದಲ ಎರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದಾದರೆ, ಪತ್ರದಲ್ಲಿ ಹೆಸರಿರುವವನು ಆ ಆಸ್ತಿಯನ್ನು ಇನ್ನೊಬ್ಬರ ಪರವಾಗಿಯೂ ಇಟ್ಟುಕೊಂಡಿದ್ದಾನೆ ಎಂದು ನ್ಯಾಯಾಲಯ ಭಾವಿಸುತ್ತದೆ. ಕಾನೂನಿನವರು ಇದನ್ನು ಕನ್‌ಸ್ಟ್ರಕ್ಟಿವ್ ಟ್ರಸ್ಟ್ ಎನ್ನುತ್ತಾರೆ. ಮದುವೆಯಾಗಿಲ್ಲ ಎಂಬುದು ಅಡ್ಡಿಯಾಗಲಿಲ್ಲ. ಮರ್ಡಾಕ್ ತೀರ್ಪು ಬರೆದಿದ್ದ ನ್ಯಾಯಮೂರ್ತಿ ಮಾರ್ಟ್‌ಲೆಂಡ್ ಈ ಪೀಠದಲ್ಲೂ ಇದ್ದರು. ಬೆಕರ್‌ಗೆ ಪಾಲು ಸಿಗಬೇಕೆಂದು ಅವರೂ ಒಪ್ಪಿದರು. ಡಿಕ್ಸನ್ ಅವರ ಹೊಸ ದಾರಿಯನ್ನು ಮಾತ್ರ ಒಪ್ಪಲಿಲ್ಲ.

ಆಕೆಯ ಪಾಲಿನ ಬೆಲೆ ಸುಮಾರು 1,50,000 ಡಾಲರ್ ಎಂದು ಪತ್ರಿಕೆಗಳು ಬರೆದವು. ಕಾನೂನು ಪುಸ್ತಕಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಹಾಕ್ಸ್‌ಬರಿಯಲ್ಲಿ ಮುಗಿಯಲಿಲ್ಲ. ತೀರ್ಪಿನ ಹಣ ಕೊಡಲು ಪೆಟ್ಕಸ್ ಸಿದ್ಧನಿರಲಿಲ್ಲ. ವಸೂಲಿಗೆ ಮತ್ತೆ ಅರ್ಜಿ, ಮತ್ತೆ ತಕರಾರು, ಮತ್ತೆ ವರ್ಷಗಳು. ಕೊನೆಗೆ ಆಸ್ತಿ ಮಾರಿ ಬಂದ ಹಣ ಆಕೆಯ ವಕೀಲರ ಶುಲ್ಕಕ್ಕೇ ಹೋಯಿತು. 1986ರ ನವೆಂಬರ್‌ನಲ್ಲಿ ರೋಸಾ ಬೆಕರ್ ಆತ್ಮಹತ್ಯೆ ಮಾಡಿಕೊಂಡರು. ತನಗೆ ನ್ಯಾಯವೆಂದು ಕೊಟ್ಟದ್ದು ಕೈಗೆ ಬರಲೇ ಇಲ್ಲ ಎಂಬ ಪ್ರತಿಭಟನೆ ಆಕೆ ಬಿಟ್ಟುಹೋದ ಪತ್ರಗಳಲ್ಲಿತ್ತು. ದೇಶದ ಅತಿ ದೊಡ್ಡ ನ್ಯಾಯಾಲಯದಲ್ಲಿ ಗೆದ್ದು ಆರು ವರ್ಷವಾಗುತ್ತ ಬಂದಿತ್ತು.

*

ಅಷ್ಟರಲ್ಲಿ ಶಾಸನಸಭೆಗಳೂ ಎಚ್ಚೆತ್ತಿದ್ದವು. ಮರ್ಡಾಕ್ ತೀರ್ಪಿನ ಸಿಟ್ಟಿನಿಂದಲೇ ಹುಟ್ಟಿದ ಕಾಯ್ದೆಗಳು 1970ರ ದಶಕದ ಕೊನೆಗೆ ಒಂದೊಂದು ಪ್ರಾಂತದಲ್ಲೂ ಬಂದವು. ಆದರೆ ಆಂಟೇರಿಯೊದ 1978ರ ಕಾಯ್ದೆಯನ್ನು ನಿಧಾನವಾಗಿ ಓದಿದವರಿಗೆ ಹಳೆಯ ಗೆರೆ ಹೊಸ ಜಾಗದಲ್ಲಿ ಕಂಡಿತು. ಆ ಕಾಯ್ದೆ ಆಸ್ತಿಯನ್ನು ಎರಡು ಗುಂಪು ಮಾಡಿತು. ಮನೆ, ಕಾರು, ಪೀಠೋಪಕರಣ, ಮನೆಖರ್ಚಿನ ಖಾತೆ ಇವೆಲ್ಲ ಸಂಸಾರದ ಆಸ್ತಿ, ಸಮಪಾಲು. ಅಂಗಡಿ, ಕಾರ್ಖಾನೆ, ಷೇರು ಇವು ಸಂಸಾರದ್ದಲ್ಲ. ಅದರಲ್ಲಿ ಪಾಲು ಬೇಕಾದರೆ ಆ ಆಸ್ತಿಗೇ ನೇರವಾಗಿ ದುಡಿದದ್ದನ್ನು ತೋರಿಸಬೇಕು. 1982ರಲ್ಲಿ ಲೆದರ್‌ಡೇಲ್ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಇನ್ನೂ ಗಟ್ಟಿ ಮಾಡಿತು. ಬ್ಯಾಂಕಿನಲ್ಲಿ ನೌಕರಿ ಮಾಡಿದ ವರ್ಷಗಳ ಮಟ್ಟಿಗೆ ಹೆಂಡತಿಗೆ ಗಂಡನ ಷೇರುಗಳಲ್ಲಿ ಪಾಲು ಉಂಟು, ಮನೆ ಮಕ್ಕಳನ್ನು ನೋಡಿಕೊಂಡ ವರ್ಷಗಳಿಗೆ ಇಲ್ಲ. ಆ ತೀರ್ಪು ಬರೆದವರು ಬೋರಾ ಲಾಸ್ಕಿನ್. ಕಾಯ್ದೆಯ ಮಾತು ಹಾಗಿತ್ತು ಎಂಬುದು ನಿಜ. ಆದರೂ ಒಂಬತ್ತು ವರ್ಷದ ಹಿಂದಿನ ಅವರ ಭಿನ್ನಮತವನ್ನು ನೆನೆದವರಿಗೆ ಇದು ಕಹಿಯಾಗಿಯೇ ಇತ್ತು.

1986ರ ಮಾರ್ಚ್‌ನಲ್ಲಿ ಜಾರಿಯಾದ ಹೊಸ ಕಾಯ್ದೆ ಗೆರೆಯನ್ನೇ ಅಳಿಸಿತು. ಈಗ ಅಲ್ಲಿನ ರೀತಿ ಹೀಗೆ: ಬೇರೆಯಾದ ದಿನ ಇಬ್ಬರ ಬಳಿಯೂ ಇರುವುದನ್ನು ಬರೆಯಬೇಕು, ದಂಧೆಯನ್ನೂ ಸೇರಿಸಿ. ಸಾಲ ಕಳೆಯಬೇಕು. ಮದುವೆಯ ದಿನ ಇದ್ದದ್ದನ್ನು ಕಳೆಯಬೇಕು. ಪಿತ್ರಾರ್ಜಿತ, ದಾನ ಸಾಮಾನ್ಯವಾಗಿ ಹೊರಗೆ. ಉಳಿದದ್ದರಲ್ಲಿ ಯಾರ ಮೊತ್ತ ಹೆಚ್ಚೋ ಅವರು ವ್ಯತ್ಯಾಸದ ಅರ್ಧವನ್ನು ಇನ್ನೊಬ್ಬರಿಗೆ ಕೊಡಬೇಕು. ಗಂಡನ ಪ್ರೆಸ್ಸು ಹತ್ತು ಲಕ್ಷ ಬಾಳುತ್ತದೆ, ಹೆಂಡತಿಯ ಉಳಿತಾಯ ಎರಡು ಲಕ್ಷ ಎಂದಾದರೆ ವ್ಯತ್ಯಾಸ ಎಂಟು, ಆಕೆಗೆ ಬರಬೇಕಾದದ್ದು ನಾಲ್ಕು. ಪ್ರೆಸ್ಸು ಗಂಡನ ಬಳಿಯೇ ಉಳಿಯುತ್ತದೆ. ಯಾರು ಎಷ್ಟು ಹೊತ್ತು ದುಡಿದರು ಎಂಬ ಸಾಕ್ಷಿ ಬೇಕಿಲ್ಲ. ದಂಧೆಯನ್ನು ಸೀಳುವುದೂ ಬೇಕಿಲ್ಲ.

ಆದರೆ ಪ್ರೆಸ್ಸು ಹತ್ತು ಲಕ್ಷ ಬಾಳುತ್ತದೆ ಎಂದು ಹೇಳುವವರು ಯಾರು? ಜಗಳ ವಕೀಲರ ಕೋಣೆಯಿಂದ ಲೆಕ್ಕಪರಿಶೋಧಕರ ಕೋಣೆಗೆ ಹೋಯಿತು. ಕಾಯ್ದೆ ಮೌಲ್ಯ ಎಂಬ ಪದವನ್ನು ಬಳಸಿತೇ ಹೊರತು ಅದೇನೆಂದು ಹೇಳಲಿಲ್ಲ. ಇರುವ ಸಾಮಾನನ್ನೆಲ್ಲ ಇಂದಿನ ದರದಲ್ಲಿ ಮಾರಿದರೆ ಎಷ್ಟು ಎಂದು ನೋಡಬಹುದು. ಅದು ಖಾಲಿ ಪೆಟ್ಟಿಗೆಯ ಲೆಕ್ಕ. ವರ್ಷಕ್ಕೆ ಬರುವ ಲಾಭವನ್ನು ಹಿಡಿದು ಅದಕ್ಕೆ ಇಷ್ಟು ಪಟ್ಟು ಎಂದು ಕಟ್ಟಬಹುದು. ಅದು ಹುಳು ಇರುವ ಪೆಟ್ಟಿಗೆಯ ಲೆಕ್ಕ. ಮಾಲೀಕನ ಕಡೆಯ ತಜ್ಞರು ಮೊದಲನೆಯದರತ್ತ, ಎದುರು ಪಕ್ಷದವರು ಎರಡನೆಯದರತ್ತ ವಾಲಿದರೆ ಆಶ್ಚರ್ಯವೇನಿಲ್ಲ.

ಎರಡನೆಯ ಲೆಕ್ಕದಲ್ಲಿ ಒಂದು ಕ್ರೂರ ತಮಾಷೆ ಅಡಗಿದೆ. ಲಾಭ ಹಿಡಿಯುವಾಗ ತಜ್ಞರು ಪುಸ್ತಕದಲ್ಲಿರುವ ಅಂಕಿಯನ್ನು ಹಾಗೇ ಒಪ್ಪುವುದಿಲ್ಲ. ನಾಳೆ ಈ ದಂಧೆಯನ್ನು ಹೊರಗಿನವನೊಬ್ಬ ಕೊಂಡರೆ ಅವನಿಗೆ ಎಷ್ಟು ಉಳಿದೀತು ಎಂದು ನೋಡುತ್ತಾರೆ. ಮಾಲೀಕನ ಹೆಂಡತಿ ಸಂಬಳವಿಲ್ಲದೆ ಬಿಲ್ಲು ಬರೆಯುತ್ತಿದ್ದರೆ, ಕೊಂಡವನು ಆ ಜಾಗಕ್ಕೆ ಗುಮಾಸ್ತರನ್ನು ಇಡಬೇಕಲ್ಲ? ಆ ಗುಮಾಸ್ತರ ಸಂಬಳವನ್ನು ಲಾಭದಿಂದ ಕಳೆಯುತ್ತಾರೆ. ಲಾಭ ಇಳಿಯುತ್ತದೆ, ದಂಧೆಯ ಬೆಲೆ ಇಳಿಯುತ್ತದೆ, ಆಕೆಯ ಪಾಲೂ ಇಳಿಯುತ್ತದೆ. ಇಪ್ಪತ್ತು ವರ್ಷ ಯಾವ ಪುಸ್ತಕದಲ್ಲೂ ಕಾಣದಿದ್ದ ಆಕೆಯ ಕೆಲಸ ಮೊದಲ ಸಲ ಅಂಕಿಯಾಗಿ ಕಾಣಿಸಿಕೊಳ್ಳುವುದು ಆಕೆಯ ಪಾಲಿನಿಂದ ಕಳೆಯಬೇಕಾದ ಖರ್ಚಿನ ರೂಪದಲ್ಲಿ. ಲೆಕ್ಕಶಾಸ್ತ್ರದ ಪ್ರಕಾರ ಇದರಲ್ಲಿ ತಪ್ಪಿಲ್ಲ.

ಗುಡ್‌ವಿಲ್ ಎಂಬುದು ಇನ್ನೊಂದು ಗಂಟು. ಗಿರಾಕಿ ಬರುವುದು ಅಂಗಡಿಯ ಹೆಸರಿಗೋ, ಗಲ್ಲದ ಮೇಲೆ ಕೂತವನ ಮುಖಕ್ಕೋ? ಹೆಸರಿಗಾದರೆ ಅದನ್ನು ಮಾರಬಹುದು, ಬೆಲೆಯುಂಟು. ಮುಖಕ್ಕಾದರೆ ಮುಖವನ್ನು ಮಾರಲಾಗದು, ಬೆಲೆ ಸೊನ್ನೆ. ಡಾಕ್ಟರು, ವಕೀಲರು, ವಾಸ್ತುಶಿಲ್ಪಿಗಳೆಲ್ಲ ತಮ್ಮದು ಬರೀ ಮುಖ ಎಂದೇ ವಾದಿಸುತ್ತಾರೆ. ನ್ಯೂಯಾರ್ಕ್ ರಾಜ್ಯದ ಉಚ್ಚ ನ್ಯಾಯಾಲಯ 1985ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಹೆಂಡತಿಯ ದುಡಿಮೆಯಲ್ಲಿ ಓದಿದ ಗಂಡನ ವೈದ್ಯಕೀಯ ಲೈಸೆನ್ಸೇ ಒಂದು ಆಸ್ತಿ, ಅದಕ್ಕೂ ಬೆಲೆ ಕಟ್ಟಿ ಎಂದಿತು. ಮೂವತ್ತು ವರ್ಷ ಜಗ್ಗಾಡಿ ಆ ರಾಜ್ಯ 2015ರಲ್ಲಿ ಕಾಯ್ದೆ ತಂದು ಅದನ್ನು ಕೈಬಿಟ್ಟಿತು. ಆಂಟೇರಿಯೊದ ಮೇಲ್ಮನವಿ ನ್ಯಾಯಾಲಯ 1992ರಲ್ಲಿ ಒಬ್ಬ ದಂತವೈದ್ಯನ ಪ್ರಕರಣದಲ್ಲಿ ಲೈಸೆನ್ಸು ಆಸ್ತಿಯಲ್ಲ ಎಂದೇ ಹೇಳಿತ್ತು. ಪರೀಕ್ಷೆ ಪಾಸಾಗಿ ಲೈಸೆನ್ಸ್ ಸಿಗುವುದು ಖಚಿತವಾದ ಎರಡೇ ದಿನಕ್ಕೆ ಆತ ಹೆಂಡತಿಯಿಂದ ಬೇರೆಯಾಗಿದ್ದ.

ದಿನಾಂಕದ ಪ್ರಶ್ನೆಯೂ ಇದೆ. ಬೆಲೆ ಕಟ್ಟುವುದು ಬೇರೆಯಾದ ದಿನಕ್ಕೆ. ತೀರ್ಪು ಬರುವುದು ಎಷ್ಟೋ ವರ್ಷದ ಮೇಲೆ. ಒಬ್ಬ ಜವಳಿ ಉದ್ಯಮಿಯ ಕಂಪನಿ ಈ ನಡುವಿನ ವರ್ಷಗಳಲ್ಲಿ, ಆತನ ತಪ್ಪಿಲ್ಲದೆ, ಅಗ್ಗದ ಆಮದಿನ ಹೊಡೆತಕ್ಕೆ ಕುಸಿಯಿತು. ಹಳೆಯ ದಿನದ ಬೆಲೆಯ ಪ್ರಕಾರ ಆತ ಹೆಂಡತಿಗೆ ಕೊಡಬೇಕಾದದ್ದು 41 ಲಕ್ಷ ಡಾಲರಿಗೂ ಹೆಚ್ಚು. ಆತನ ಬಳಿ ಇದ್ದದ್ದೆಲ್ಲ ಸೇರಿದರೂ ಅಷ್ಟಾಗುತ್ತಿರಲಿಲ್ಲ. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು 9 ಲಕ್ಷಕ್ಕೆ ಇಳಿಸಿತು. ಬೆಕರ್ ಪ್ರಕರಣದಲ್ಲಿ ದುಡಿದವರನ್ನು ಕಾಣದೆ ಹೋದ ಲೆಕ್ಕ ಇಲ್ಲಿ ಇನ್ನೊಂದು ಕಡೆಗೆ ಕುರುಡಾಗಿತ್ತು.

ಭಾರತದಲ್ಲಿ ಈ ಲೆಕ್ಕ ಇನ್ನೂ ಹೊಸ್ತಿಲ ಹೊರಗೇ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮುಟ್ಟುವುದು ಮದುವೆಯ ಸಮಯದಲ್ಲಿ ಉಡುಗೊರೆಯಾಗಿ ಬಂದ, ಇಬ್ಬರಿಗೂ ಸೇರಿದ ವಸ್ತುಗಳನ್ನು ಮಾತ್ರ. ಮದುವೆಯ ನಂತರ ಜೊತೆಗೂಡಿ ಕಟ್ಟಿದ ಹೋಟೆಲು, ಅಂಗಡಿ, ವರ್ಕ್‌ಶಾಪ್ ಪತ್ರದಲ್ಲಿ ಹೆಸರಿರುವವರದು, ಉಳಿದವರಿಗೆ ಜೀವನಾಂಶ. ಜೀವನಾಂಶ ಅಗತ್ಯವನ್ನೂ ಆದಾಯವನ್ನೂ ನೋಡಿ ಕೊಡಿಸುವಂಥದ್ದು, ದುಡಿಮೆಯ ಪಾಲಲ್ಲ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ತಿದ್ದುಪಡಿ ಮಸೂದೆ 2013ರಲ್ಲಿ ರಾಜ್ಯಸಭೆಯನ್ನು ದಾಟಿ, ಲೋಕಸಭೆಯ ಅವಧಿ ಮುಗಿದದ್ದರಿಂದ ಬಿದ್ದುಹೋಯಿತು. ಕಾರವಾರ ದಾಟಿ ಗೋವಾಕ್ಕೆ ಕಾಲಿಟ್ಟರೆ ಮಾತ್ರ ನಿಯಮ ಬೇರೆ: 1867ರ ಪೋರ್ಚುಗೀಸ್ ಸಿವಿಲ್ ಕೋಡಿನಿಂದ ಬಂದ ಪದ್ಧತಿಯಲ್ಲಿ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಗಂಡ ಹೆಂಡತಿ ಆಸ್ತಿಗೆ ಸಮಾನ ಒಡೆಯರು. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್, ಗಂಡ ಹೊರದೇಶದಲ್ಲಿ ದುಡಿಯುತ್ತಿದ್ದಾಗ ಮನೆ ನೋಡಿಕೊಂಡ ಹೆಂಡತಿಯ ಕೆಲಸವೂ ಆಸ್ತಿ ಗಳಿಕೆಗೆ ಕೊಟ್ಟ ಕಾಣಿಕೆಯೇ ಎಂದು ಸಮಪಾಲು ಕೊಟ್ಟಿತು. ಮರ್ಡಾಕ್ ತೀರ್ಪಿಗೆ ಆಗ ಐವತ್ತು ವರ್ಷ ತುಂಬುತ್ತಿತ್ತು.

ಕೆನಡಾದ ಕಥೆಯ ಈಚಿನ ಕೊಂಡಿ 2011ರದು. ಆಟವಾದಲ್ಲಿ ಮದುವೆಯಾಗದೆ ಹನ್ನೆರಡು ವರ್ಷ ಜೊತೆಗಿದ್ದ ಜೋಡಿ. ಗಂಡಸಿನ ಸಾಫ್ಟ್‌ವೇರ್ ಕಂಪನಿಗಾಗಿ ಆಕೆ ತನ್ನ ಒಳ್ಳೆಯ ಸರ್ಕಾರಿ ಕೆಲಸ ಬಿಟ್ಟು ಇನ್ನೊಂದು ಊರಿಗೆ ಹೋದರು, ಎರಡು ಮಕ್ಕಳನ್ನು ಬೆಳೆಸಿದರು. ಆತ ಹಗಲು ರಾತ್ರಿ ಕಂಪನಿ ಕಟ್ಟಿದ. 2000ದಲ್ಲಿ ಕಂಪನಿ ಮಾರಿದಾಗ ಆತನ ಕೈಗೆ ಬಂದದ್ದು ಸುಮಾರು 1 ಕೋಟಿ 10 ಲಕ್ಷ ಡಾಲರ್. ಆಕೆ ಕಂಪನಿಯ ಒಂದು ಕಾಗದವನ್ನೂ ಬರೆದವರಲ್ಲ. ಮನೆಗೆಲಸದ ಗಂಟೆಗಳನ್ನು ಎಣಿಸಿ ಕೂಲಿ ಕಟ್ಟಬೇಕೆಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದು ಇಬ್ಬರ ಜಂಟಿ ಸಾಹಸ. ಆಕೆ ಮನೆಯ ಕಡೆ ಹೊತ್ತದ್ದರಿಂದಲೇ ಆತ ಕಂಪನಿಯ ಕಡೆ ಹೊರಲಾಯಿತು ಎಂದಿತು. ಆ ಮೂರೂವರೆ ವರ್ಷದಲ್ಲಿ ಬೆಳೆದ ಸಂಪತ್ತಿನ ಸುಮಾರು ಅರ್ಧ, 9,96,500 ಡಾಲರ್, ಆಕೆಗೆ ಸಿಕ್ಕಿತು.

ಆಂಟೇರಿಯೊದಲ್ಲಿ 1986ರ ಕಾಯ್ದೆಯ ಸಮಪಾಲು ಇಂದಿಗೂ ಮದುವೆಯಾದವರಿಗೆ ಮಾತ್ರ. ಮದುವೆಯಿಲ್ಲದೆ ಜೊತೆಗಿದ್ದು, ಇನ್ನೊಬ್ಬರ ಹೆಸರಿನ ದಂಧೆಯಲ್ಲಿ ದುಡಿದು, ಬರಿಗೈಯಲ್ಲಿ ಹೊರಬಂದವರು ನ್ಯಾಯಾಲಯದ ಮೆಟ್ಟಿಲು ಹತ್ತಿ ತಮಗೆ ಪಾಲಿದೆ ಎಂದು ಒಂದೊಂದಾಗಿ ರುಜುವಾತು ಮಾಡಬೇಕು. ಆಗ ಅವರ ವಕೀಲರು ತೆಗೆದು ಓದುವ ತೀರ್ಪುಗಳಲ್ಲಿ ಪೆಟ್ಕಸ್ ವಿರುದ್ಧ ಬೆಕರ್, 1980, ಈಗಲೂ ಇರುತ್ತದೆ.